ಮರಗಳಿಗೆ ಬೋರ್ಡು ಬರೆದು ಮುಗಿಸಿದ ಮೇಲೆ ಹೆಸರೇ ಬದಲಾಗಿದೆ ಅಂತಾರೆ, ಏನು ಮಾಡಲಿ?

ಡ್ರಾಯಿಂಗ್ ಮೇಷ್ಟ್ರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಅರಸೀಕೆರೆ ಕಡೆಯವನು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಚಿತ್ರಕಲೆ ಮೇಷ್ಟ್ರಾಗಿದ್ದೆ. ರಿಟೈರ್ ಆಗಿ ಎರಡು ವರ್ಷವಾಯಿತು. ಸಸ್ಯಶಾಸ್ತ್ರ ಓದಿದವನಲ್ಲ, ಮೊದಲೇ ಹೇಳಿಬಿಡುತ್ತೇನೆ.

ನಮ್ಮೂರ ಶಾಲೆಯ ಆವರಣದಲ್ಲಿ ಒಳ್ಳೆಯ ಮರಗಳಿವೆ. ಪ್ರತಿ ಮರಕ್ಕೂ ಒಂದು ಹೆಸರಿನ ಬೋರ್ಡು ಹಾಕೋಣ ಅಂತ ಹಳೇ ವಿದ್ಯಾರ್ಥಿಗಳು ಹೇಳಿದರು. ಹಾರ್ಡ್‌ವೇರ್ ಅಂಗಡಿಯವರು ತಗಡು ಕೊಟ್ಟರು. ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಒಟ್ಟು 26 ಬೋರ್ಡು. ಹಸಿರು ಎನಾಮೆಲ್ ಮೇಲೆ ಬಿಳಿ ಅಕ್ಷರ. ಮೇಲೆ ಕನ್ನಡದ ಹೆಸರು, ಕೆಳಗೆ ವೈಜ್ಞಾನಿಕ ಹೆಸರು, ಅದನ್ನು ಓರೆ ಅಕ್ಷರದಲ್ಲೇ ಬರೆಯಬೇಕು ಅಂದರು, ಹಾಗೇ ಬರೆದೆ. ಹೆಸರುಗಳನ್ನು ಲೈಬ್ರರಿಯ ಒಂದು ಹಳೇ ಪುಸ್ತಕದಿಂದ ತೆಗೆದುಕೊಂಡೆ. ಎರಡೂವರೆ ತಿಂಗಳ ಕೆಲಸ. ಕಣ್ಣಿಗೆ ಮೊದಲಿನ ಶಕ್ತಿ ಇಲ್ಲ, ಒಂದೊಂದು ಅಕ್ಷರಕ್ಕೂ ಕನ್ನಡಕ ತೆಗೆದು ಹಾಕಿ ಮಾಡಬೇಕು.

ಬೋರ್ಡು ಕಟ್ಟಿದ ವಾರಕ್ಕೇ ನನ್ನದೇ ಹಳೇ ವಿದ್ಯಾರ್ಥಿನಿ ಬಂದಳು. ಎಂಎಸ್ಸಿ ಮಾಡುತ್ತಿದ್ದಾಳೆ. "ಸಾರ್, ಹೊಂಗೆಗೆ ಪೊಂಗಾಮಿಯಾ ಪಿನ್ನಾಟಾ ಅಂತ ಹಾಕಿದೀರ, ಅದೀಗ ಮಿಲ್ಲೆಟಿಯಾ ಪಿನ್ನಾಟಾ" ಅಂದಳು. ಸರಿ, ಬಣ್ಣ ಬಳಿದು ಮತ್ತೆ ಬರೆದೆ. ತಿಂಗಳಾದ ಮೇಲೆ ಅರಣ್ಯ ಇಲಾಖೆಯಿಂದ ಯಾರೋ ಬಂದವರು, "ಯಾಕ್ರೀ ಮಿಲ್ಲೆಟಿಯಾ ಅಂತ ಬರೆದಿದೀರ, ಪೊಂಗಾಮಿಯಾ ತಾನೇ?" ಅಂದರು! ಅವರೇ ಕರಿಜಾಲಿ ಬೋರ್ಡು ನೋಡಿ "ಇದು ಅಕೇಶಿಯಾ ನೈಲೋಟಿಕಾ ಅಲ್ಲ, ಈಗ ವ್ಯಾಚೆಲಿಯಾ" ಅಂದರು. ಆಫೀಸಿನ ಮುಂದಿನ ತುಳಸಿಗೆ ಆಸಿಮಮ್ ಸ್ಯಾಂಕ್ಟಮ್ ಅಂತ ಬರೆದಿದ್ದೆ, ಅದೂ ಹಳೇದಂತೆ.

ಗೇಟಿನಿಂದ ಕೊಠಡಿಯವರೆಗೆ ಸಾಲಾಗಿ ಕಂಬದ ಹಾಗೆ ನಿಂತಿರುವ ಹನ್ನೊಂದು ಅಶೋಕ ಮರಗಳಿವೆ. ಅವಕ್ಕೆ ಸರಾಕಾ ಇಂಡಿಕಾ ಅಂತ ಒಂದೇ ದೊಡ್ಡ ಬೋರ್ಡು ಹಾಕಿದ್ದೇನೆ. ಸದ್ಯ, ಅದರ ತಂಟೆಗೆ ಇನ್ನೂ ಯಾರೂ ಬಂದಿಲ್ಲ.

ನನ್ನ ಪ್ರಶ್ನೆ ಇಷ್ಟೇ. ನನ್ನ ತಾತ ಹೊಂಗೆ ಅಂದದ್ದನ್ನೇ ನಾನೂ ಹೊಂಗೆ ಅಂತೀನಿ. ಎಲ್ಲ ಕಡೆ ಒಂದೇ ಹೆಸರಿರಲಿ ಅಂತ ತಾನೇ ವಿಜ್ಞಾನಿಗಳು ಲ್ಯಾಟಿನ್ ಹೆಸರಿಟ್ಟಿದ್ದು? ಹಾಗಿದ್ದ ಮೇಲೆ ಇವರು ಯಾಕೆ ಪದೇ ಪದೇ ಬದಲಾಯಿಸುತ್ತಾರೆ? ಇದಕ್ಕೊಂದು ಲೆಕ್ಕಾಚಾರ ಇದೆಯಾ, ಇಲ್ಲಾ ಸುಮ್ನೆ ಜಗಳವಾ?

ಇನ್ನೊಂದು. ಪುಸ್ತಕದಲ್ಲಿ ಹೆಸರಿನ ಪಕ್ಕ ಬ್ರಾಕೆಟ್ಟಿನಲ್ಲಿ 'ಎಲ್' ಅಂತ ಒಂದಕ್ಷರ ಇತ್ತು. ಗಾಡಿ ಕಲಿಯುವವರ ಎಲ್ ಬೋರ್ಡ್ ತರಹ ಕಂಡಿತು. ಏನು ಅಂತ ಗೊತ್ತಾಗದೆ ಬಿಟ್ಟುಬಿಟ್ಟೆ.

—

ಕಟ್ಟೆಪುರಾಣ ಬರೆದದ್ದು:

ಮೇಷ್ಟ್ರೇ, ಎಲ್ಲಾ ಬೋರ್ಡಿನ ಕೆಳಸಾಲಿಗೂ ಒಂದು ಕೋಟ್ ಹಸಿರು ಬಳಿದುಬಿಡಿ. ಹೊಂಗೆ, ಬೇವು, ಜಾಲಿ ಅಂತ ಮೇಲಿನ ಸಾಲು ಉಳಿಯಲಿ. ನಮ್ಮ ಹಳ್ಳಿ ಹುಡುಗರಿಗೆ ಲ್ಯಾಟಿನ್ ಕಟ್ಟಿಕೊಂಡು ಆಗಬೇಕಾದ್ದೇನು? ಮುನ್ನೂರು ವರ್ಷದಿಂದ ಕೂತು ಒಂದು ಮರದ ಹೆಸರನ್ನು ತೀರ್ಮಾನ ಮಾಡೋಕಾಗಿಲ್ಲ ಅಂದರೆ ತಪ್ಪು ನಿಮ್ಮದಲ್ಲ ಬಿಡಿ.

—

ಒಣಎಲೆ ಬರೆದದ್ದು:

ಮೇಷ್ಟ್ರೇ ನಮಸ್ಕಾರ. ನಾನು ಹತ್ತೊಂಬತ್ತು ವರ್ಷ ಒಂದು ಕಾಲೇಜಿನ ಹರ್ಬೇರಿಯಂನಲ್ಲಿ ಸಹಾಯಕಿಯಾಗಿದ್ದೆ. ಹರ್ಬೇರಿಯಂ ಅಂದರೆ ಒಣಗಿಸಿದ ಗಿಡಗಳ ಸಂಗ್ರಹ. ಕಾಡಿನಿಂದ ತಂದ ಕೊಂಬೆಯನ್ನು ನ್ಯೂಸ್‌ಪೇಪರ್ ನಡುವೆ ಇಟ್ಟು ಒತ್ತುವುದು, ದಿನಾ ಪೇಪರ್ ಬದಲಿಸುವುದು, ಒಣಗಿದ ಮೇಲೆ ಹುಳು ಹಿಡಿಯದಂತೆ ಔಷಧಿ ಹಚ್ಚಿ ದಪ್ಪ ಹಾಳೆಗೆ ಸೂಜಿ ದಾರದಲ್ಲಿ ಹೊಲಿಯುವುದು. ಹಾಳೆಯ ಅಳತೆ ಸುಮಾರು 42 ಸೆಂಟಿಮೀಟರ್ ಉದ್ದ, 28 ಅಗಲ. ಬಲಗಡೆ ಕೆಳಮೂಲೆಯಲ್ಲಿ ಚೀಟಿ: ಹೆಸರು, ಊರು, ತಾರೀಕು, ಕಿತ್ತವರು ಯಾರು. ನನ್ನ ಕೆಲಸವೆಲ್ಲ ಸೂಜಿ, ಅಂಟು, ಚೀಟಿ ಅಷ್ಟೇ. ಹೆಸರಿನ ಜಗಳಗಳನ್ನು ಮಾತ್ರ ತೀರಾ ಹತ್ತಿರದಿಂದ ನೋಡಿದ್ದೇನೆ.

ನಿಮ್ಮ ಹೊಂಗೆಯಿಂದಲೇ ಶುರು ಮಾಡುತ್ತೇನೆ. ನಮ್ಮ ಬೀರುವಿನಲ್ಲಿ ಹೊಂಗೆಯ ಒಂದು ಹಳೇ ಹಾಳೆ ಇತ್ತು. ಕೆಳಗಿನ ಮೂಲ ಚೀಟಿಯಲ್ಲಿ ಮಸಿಯಲ್ಲಿ ಬರೆದದ್ದು ಪೊಂಗಾಮಿಯಾ ಗ್ಲಾಬ್ರಾ. ಅದರ ಮೇಲೆ ಟೈಪ್ ಮಾಡಿದ ಸಣ್ಣ ಚೀಟಿ, ಪೊಂಗಾಮಿಯಾ ಪಿನ್ನಾಟಾ. ಅದರ ಪಕ್ಕ ಇನ್ನೊಬ್ಬರು ಅಂಟಿಸಿದ್ದು ಡೆರಿಸ್ ಇಂಡಿಕಾ. ಅದಕ್ಕೂ ಮೇಲೆ ಮಿಲ್ಲೆಟಿಯಾ ಪಿನ್ನಾಟಾ. ಒಂದು ಕೊಂಬೆ, ನಾಲ್ಕು ಚೀಟಿ. ನಾನು ಹೊಸದಾಗಿ ಸೇರಿದಾಗ ಇದೇನು ಗಲೀಜು ಅಂತ ಹಳೇ ಚೀಟಿ ಒದ್ದೆ ಮಾಡಿ ಕೀಳಲು ಹೋಗಿದ್ದೆ. ಅವತ್ತು ಬೈಸಿಕೊಂಡದ್ದು ಇವತ್ತಿಗೂ ನೆನಪಿದೆ. ಹಳೇ ಚೀಟಿ ಕೀಳಬಾರದು, ಹೊಸದನ್ನು ಪಕ್ಕದಲ್ಲಿ ಅಂಟಿಸಬೇಕು, ಅಂಟಿಸಿದವರು ಹೆಸರು ತಾರೀಕು ಹಾಕಬೇಕು. ಯಾರು ಯಾವಾಗ ಏನಂದುಕೊಂಡಿದ್ದರು ಅನ್ನುವುದೂ ಆ ಗಿಡದ ದಾಖಲೆಯೇ.

ಈಗ ಆ ನಾಲ್ಕು ಚೀಟಿ ಯಾಕೆ ಬಂದವು ನೋಡೋಣ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಆಗ ಗೊತ್ತಿದ್ದ ಗಿಡಗಳಿಗೆಲ್ಲ ಎರಡೆರಡು ಪದದ ಹೆಸರು ಕೊಟ್ಟ. ಅದಕ್ಕೂ ಮುಂಚೆ ಒಂದು ಗಿಡದ ಹೆಸರು ಅಂದರೆ ಒಂದು ಸಾಲು ಲ್ಯಾಟಿನ್ ವರ್ಣನೆ. ಗಿಡಗಳ ಹೆಸರಿನ ಲೆಕ್ಕ ಆ ವರ್ಷದಿಂದಲೇ ಶುರು. ಲಿನೇಯಸ್ ಹೊಂಗೆಗೆ ಇಟ್ಟದ್ದು ಸೈಟಿಸಸ್ ಪಿನ್ನಾಟಸ್. ಪಿನ್ನಾಟಸ್ ಅಂದರೆ ಗರಿಯಂಥದು. ಹೊಂಗೆಯ ಒಂದು ಎಲೆ ಕಿತ್ತು ನೋಡಿ, ನಡುವೆ ದಂಟು, ಎರಡೂ ಕಡೆ ಕಿರುಎಲೆಗಳು, ತುದಿಗೊಂದು. ಗರಿಯ ಹಾಗೇ ಇದೆ. ಆಮೇಲೆ ಬಂದವರಿಗೆ ಇದು ಸೈಟಿಸಸ್ ಗುಂಪಿಗೆ ಸೇರಿದ್ದಲ್ಲ ಅಂತ ಗೊತ್ತಾಯಿತು. ಪೊಂಗಾಮಿಯಾ ಅಂತ ಬೇರೆ ಗುಂಪು ಮಾಡಿದರು. 1803ರಲ್ಲಿ ವೆಂಟನಾ ಅನ್ನುವವರು ಪೊಂಗಾಮಿಯಾ ಗ್ಲಾಬ್ರಾ ಅಂದರು, ನಮ್ಮ ಹಿರಿಯರ ಪುಸ್ತಕಗಳಲ್ಲೆಲ್ಲ ಅದೇ ಇದೆ. ಆದರೆ ನಿಯಮದ ಪ್ರಕಾರ ಮೊದಲು ಬಂದ ಹೆಸರಿಗೇ ಮೊದಲ ಮಣೆ. ಪಿನ್ನಾಟಸ್ 1753ರದು, ಗ್ಲಾಬ್ರಾ 1803ರದು. ಹಾಗಾಗಿ ಗುಂಪು ಹೊಸದು, ಎರಡನೇ ಪದ ಹಳೇದು ಸೇರಿ ಪೊಂಗಾಮಿಯಾ ಪಿನ್ನಾಟಾ ಆಯಿತು. ಇದನ್ನು ಜೋಡಿಸಿದವರು ಪಿಯರ್ ಅನ್ನುವ ಸಸ್ಯವಿಜ್ಞಾನಿ.

ನಿಮ್ಮ ಎಲ್ ಬೋರ್ಡ್ ಇಲ್ಲೇ ಬರುವುದು. ಬ್ರಾಕೆಟ್ಟಿನೊಳಗಿನ ಎಲ್ ಅಂದರೆ ಲಿನೇಯಸ್. "ಹೆಸರಿಟ್ಟದ್ದು ಇವನು, ಆದರೆ ಬೇರೆ ಗುಂಪಿನಲ್ಲಿಟ್ಟಿದ್ದ" ಅಂತ ಅರ್ಥ. ಬ್ರಾಕೆಟ್ಟಿನ ಹೊರಗೆ ಇರುವವರು ಈಗಿನ ಗುಂಪಿಗೆ ತಂದವರು. ಬ್ರಾಕೆಟ್ ಇಲ್ಲದೆ ಬರೀ ಎಲ್ ಇದ್ದರೆ ಮೊದಲು ಇಟ್ಟ ಜಾಗದಲ್ಲೇ ಇದೆ ಅಂತ. ನಿಮ್ಮ ಶಾಲೆಯಲ್ಲಿ ಅರಳಿಮರ ಇದ್ದರೆ ನೋಡಿ, ಫೈಕಸ್ ರೆಲಿಜಿಯೋಸಾ, ಬ್ರಾಕೆಟ್ ಇಲ್ಲದ ಎಲ್. 1753ರಿಂದ ಅಲ್ಲಾಡಿಲ್ಲ. ಮಾವಿನ ಹೆಸರೂ ಹಾಗೇ.

ಪಿನ್ನಾಟಸ್ ಹೋಗಿ ಪಿನ್ನಾಟಾ ಯಾಕಾಯಿತು ಅಂತ ಕೇಳಬಹುದು. ನಾವು ಒಳ್ಳೆಯವನು, ಒಳ್ಳೆಯವಳು, ಒಳ್ಳೆಯದು ಅನ್ನಲ್ವಾ? ಲ್ಯಾಟಿನ್ನಿನಲ್ಲೂ ಮೂರು ಲಿಂಗ. ಮೊದಲ ಪದ ಗಂಡಾದರೆ ಎರಡನೆಯದೂ ಗಂಡು, ಹೆಣ್ಣಾದರೆ ಹೆಣ್ಣು.

ಪೊಂಗಾಮಿಯಾ ಅನ್ನುವ ಪದ ಮಾತ್ರ ಲ್ಯಾಟಿನ್ನಿನದಲ್ಲ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಮಲಬಾರಿನ ಗಿಡಗಳ ಮೇಲೆ ಹನ್ನೆರಡು ಸಂಪುಟ ಮಾಡಿಸಿದ. 1678ರಿಂದ 1693ರವರೆಗೆ ಅಚ್ಚಾದವು. ಅದರಲ್ಲಿ ಈ ಮರದ ಚಿತ್ರದ ಮೇಲೆ ಅಲ್ಲಿನವರ ಬಾಯಲ್ಲಿದ್ದ ಪೊಂಗಂ ಅನ್ನುವ ಹೆಸರೇ ಇದೆ. ತಮಿಳಿನಲ್ಲಿ ಪುಂಗಂ. ಹಳಗನ್ನಡದ ಪಾಲು ಹಾಲಾದಂತೆ ನಮ್ಮಲ್ಲಿ ಪೊಂಗೆ ಹೊಂಗೆಯಾಯಿತು. ಹಾಗಾಗಿ ನಿಮ್ಮ ಬೋರ್ಡಿನ ಮೇಲಿನ ಸಾಲು, ಕೆಳಗಿನ ಸಾಲು ಎರಡೂ ಒಂದೇ ಮನೆಯವು. ಕಟ್ಟೆಪುರಾಣದವರೇ, ಇದನ್ನು ಅಳಿಸುತ್ತೀರಾ?

ಡೆರಿಸ್, ಮಿಲ್ಲೆಟಿಯಾ ಅನ್ನುವ ಉಳಿದ ಎರಡು ಚೀಟಿಗಳು ಅಭಿಪ್ರಾಯಭೇದ. ಹೊಂಗೆ ಒಂಟಿ ಗುಂಪೋ, ದೊಡ್ಡ ಮಿಲ್ಲೆಟಿಯಾ ಗುಂಪಿನ ಒಬ್ಬ ಸದಸ್ಯನೋ? ಕಾಯಿ, ಹೂವು ನೋಡಿ ಒಬ್ಬರು ಒಳಗೆ ಸೇರಿಸಿದರು. ಮಿಲ್ಲೆಟಿಯಾ ಪಿನ್ನಾಟಾ ಅನ್ನುವ ಜೋಡಣೆ 1989ರದು. ಈಗ ಲಂಡನ್ನಿನ ಕ್ಯೂ ಉದ್ಯಾನದ ಪಟ್ಟಿಯಲ್ಲಿ ಮತ್ತೆ ಪೊಂಗಾಮಿಯಾ ಪಿನ್ನಾಟಾ. ನಿಮ್ಮ ಮೊದಲ ಬೋರ್ಡೇ ಸರಿಯಿತ್ತು ಮೇಷ್ಟ್ರೇ. ನಿಮ್ಮ ಹುಡುಗಿಯದೂ ತಪ್ಪಲ್ಲ, ಅವಳ ಪುಸ್ತಕದಲ್ಲಿ ಹಾಗೆ ಇದ್ದಿರುತ್ತೆ. ಗಮನಿಸಿ, ಡೆರಿಸ್ ಒಂದನ್ನು ಬಿಟ್ಟರೆ, ಸೈಟಿಸಸ್, ಪೊಂಗಾಮಿಯಾ, ಮಿಲ್ಲೆಟಿಯಾ ಅಂತ ಮನೆ ಬದಲಿಸಿದರೂ ಪಿನ್ನಾಟಾ ಉಳಿದಿದೆ.

ತುಳಸಿಯದು ಇನ್ನೂ ಸುಲಭ. ಒಂದೇ ಗಿಡಕ್ಕೆ ಲಿನೇಯಸ್ಸೇ ಎರಡು ಸಲ ಹೆಸರಿಟ್ಟ. 1753ರಲ್ಲಿ ಟೆನುಯಿಫ್ಲೋರಮ್, 1767ರಲ್ಲಿ ಸ್ಯಾಂಕ್ಟಮ್. ಎರಡೂ ಒಂದೇ ಗಿಡ ಅಂತ ಗೊತ್ತಾದ ಮೇಲೆ ಮೊದಲನೆಯದು ಉಳಿಯಿತು. ಸ್ಯಾಂಕ್ಟಮ್ ಅಂದರೆ ಪವಿತ್ರ, ಟೆನುಯಿಫ್ಲೋರಮ್ ಅಂದರೆ ಸಣಕಲು ಹೂವಿನದು. ನನಗೂ ಬೇಜಾರಾಯಿತು. ಏನ್ಮಾಡೋದು, ತಾರೀಕು ತಾರೀಕೇ.

ಜಾಲಿಯ ಕಥೆ ಮಾತ್ರ ಪಕ್ಕಾ ಆಸ್ತಿ ವ್ಯಾಜ್ಯ. ಅಕೇಶಿಯಾ ಅನ್ನುವ ಗುಂಪಿನಲ್ಲಿ 1300ಕ್ಕೂ ಹೆಚ್ಚು ಬಗೆ ಇದ್ದವು. ಡಿಎನ್‌ಎ ನೋಡಿದರೆ ಇದು ಒಂದು ಮನೆಯೇ ಅಲ್ಲ, ಒಡೆಯಲೇಬೇಕು ಅಂತಾಯಿತು. ಒಡೆದ ಮೇಲೆ ಹಳೇ ಹೆಸರು ಯಾರ ಪಾಲಿಗೆ? ಪ್ರತಿ ಗುಂಪಿಗೂ ಮಾದರಿ ಅಂತ ಒಂದು ಸದಸ್ಯ ಇರುತ್ತದೆ. ಅದು ಯಾವ ಕಡೆ ಹೋದರೆ ಹೆಸರೂ ಆ ಕಡೆ. ಅಕೇಶಿಯಾದ ಮಾದರಿ ನಮ್ಮ ಕರಿಜಾಲಿಯೇ ಆಗಿತ್ತು. ಅಂದರೆ ಹೆಸರು ನಮಗೇ ಬರಬೇಕಿತ್ತು. ಆದರೆ ಆಸ್ಟ್ರೇಲಿಯಾದಲ್ಲಿ ಸುಮಾರು ಸಾವಿರ ಬಗೆಯ ಅಕೇಶಿಯಾಗಳಿವೆ. ಅಷ್ಟಕ್ಕೂ ಹೊಸ ಹೆಸರಿಡುವುದಕ್ಕಿಂತ ಮಾದರಿಯನ್ನೇ ಬದಲಾಯಿಸಿ ಅಂತ ಅವರು ಕೇಳಿದರು. 2005ರಲ್ಲಿ ವಿಯೆನ್ನಾದಲ್ಲಿ ಸೇರಿದ್ದ ಸಸ್ಯವಿಜ್ಞಾನಿಗಳ ಸಮ್ಮೇಳನ ಒಪ್ಪಿತು. ಭಾರೀ ಗಲಾಟೆಯಾಯಿತು. 2011ರಲ್ಲಿ ಮೆಲ್ಬರ್ನ್‌ನಲ್ಲಿ ಅದೇ ಗಟ್ಟಿಯಾಯಿತು. ಕರಿಜಾಲಿ ವ್ಯಾಚೆಲಿಯಾ ಆಯಿತು, ಕಾಚಿನ ಮರ ಸೆನೆಗಾಲಿಯಾ ಆಯಿತು.

ಅಕೇಶಿಯಾ ಅನ್ನುವ ಪದದ ಬೇರು ಗ್ರೀಕಿನಲ್ಲಿ ಮುಳ್ಳು. ಆಸ್ಟ್ರೇಲಿಯಾದವಕ್ಕೆ ಹೆಚ್ಚಿನವಕ್ಕೆ ಮುಳ್ಳೇ ಇಲ್ಲ! ನಮ್ಮ ರಸ್ತೆ ಬದಿಯಲ್ಲಿ, ಮಲೆನಾಡಿನ ಗುಡ್ಡಗಳಲ್ಲಿ ನೆಟ್ಟಿರುವ 'ಅಕೇಶಿಯಾ' ಇದೆಯಲ್ಲ, ಅದು ಆಸ್ಟ್ರೇಲಿಯಾ ಕಡೆಯದು, ಆರಿಕ್ಯುಲಿಫಾರ್ಮಿಸ್. ಕಿವಿಯಂತೆ ಸುರುಳಿ ಸುತ್ತಿದ ಕಾಯಿ. ಬಂದ ನೆಂಟನಿಗೆ ಹೆಸರು ದಕ್ಕಿತು, ಮನೆಯವನು ಬಿಟ್ಟುಕೊಟ್ಟ.

ಹಾಗಂತ ಇದೆಲ್ಲ ಬರೀ ಜಗಳ ಅನ್ನಬೇಡಿ. ಹೆಸರಿನ ಮೊದಲ ಪದ ನೆಂಟಸ್ತಿಕೆ ಹೇಳುತ್ತದೆ. ನೆಂಟಸ್ತಿಕೆಯ ಬಗ್ಗೆ ತಿಳಿವಳಿಕೆ ಬದಲಾದರೆ ಆ ಪದವೂ ಬದಲಾಗಲೇಬೇಕು. ನಮ್ಮವರೂ ಇದನ್ನೇ ಮಾಡಿದ್ದಾರಲ್ಲ? ಕರಿಜಾಲಿ, ಬಿಳಿಜಾಲಿ, ಬಳ್ಳಾರಿಜಾಲಿ. ಜಾಲಿ ಗುಂಪು, ಮುಂದಿನದು ಗುರುತು. ಬಿಳಿಜಾಲಿಯ ಲ್ಯೂಕೋಫ್ಲಿಯಾ ಅನ್ನುವ ಹೆಸರಿಗೂ ಬಿಳಿ ತೊಗಟೆ ಅಂತಲೇ ಅರ್ಥ. ಬಳ್ಳಾರಿಜಾಲಿ ಮಾತ್ರ ಜಾಲಿಯ ಗುಂಪಿನದಲ್ಲ, ಅಮೆರಿಕ ಖಂಡದಿಂದ ಬಂದದ್ದು. ಅದರ ಪ್ರೊಸೋಪಿಸ್ ಅನ್ನುವ ಹೆಸರೂ 2022ರಲ್ಲಿ ನೆಲ್ಟುಮಾ ಆಗಿದೆ. ಅದಕ್ಕೆ ಬೋರ್ಡು ಬರೆದಿಲ್ಲ ತಾನೇ?

ಈಗ ಮುಖ್ಯ ವಿಷಯ. ನೀವು ಸದ್ಯ ಯಾರೂ ತಂಟೆಗೆ ಬಂದಿಲ್ಲ ಅಂದಿರಲ್ಲ, ನನಗೆ ಅನುಮಾನ ಇರುವುದು ಅದರ ಮೇಲೇ. ಆ ಸಾಲುಮರಗಳ ಎಲೆ ಹೇಗಿದೆ? ಅಂಚು ಅಲೆ ಅಲೆಯಾಗಿದೆಯಾ? ಹೂವು ಯಾವ ಬಣ್ಣ?

—

ಡ್ರಾಯಿಂಗ್ ಮೇಷ್ಟ್ರು ಬರೆದದ್ದು:

ಮೇಡಂ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಗರಿ ಅಂದಿರಲ್ಲ, ಎದ್ದು ಹೋಗಿ ಹೊಂಗೆ ಎಲೆ ಕಿತ್ತುಕೊಂಡು ಬಂದೆ. ಎರಡು ಜೊತೆ, ತುದಿಗೊಂದು, ಒಟ್ಟು ಐದು. ಎಷ್ಟು ಸಲ ಬರೆದಿದ್ದೇನೋ ಈ ಎಲೆಯನ್ನು, ಇದೆಲ್ಲ ಸೇರಿ ಒಂದೇ ಎಲೆ ಅಂತ ಗೊತ್ತೇ ಇರಲಿಲ್ಲ. ಐದು ಎಲೆ ಅಂದುಕೊಂಡಿದ್ದೆ.

ಅಶೋಕದ್ದು: ಎಲೆ ಉದ್ದ, ಒಂದು ಗೇಣಿನ ಹತ್ತಿರ. ಅಂಚು ನೀವಂದ ಹಾಗೆ ಅಲೆ ಅಲೆಯಾಗಿ, ಸೀರೆ ಅಂಚಿಗೆ ಫ್ರಿಲ್ ಕೊಟ್ಟಂತೆ. ಕೊಂಬೆಗಳೆಲ್ಲ ಕೆಳಗೆ ಜೋತುಬಿದ್ದಿವೆ. ಹೂವು ಹಸಿರು ಬಣ್ಣ, ಸಣ್ಣ ನಕ್ಷತ್ರದ ಹಾಗೆ, ಎಲೆ ನಡುವೆ ಕಾಣುವುದೇ ಇಲ್ಲ. ಕಾಯಿ ಹಣ್ಣಾದರೆ ಕಪ್ಪಗೆ ನೇರಳೆ ತರಹ. ರಾತ್ರಿ ಬಾವಲಿ ಬಂದು ತಿಂದು ಬೀಜ ಉದುರಿಸುತ್ತವೆ, ಬೆಳಿಗ್ಗೆ ಆಯಾ ಬೈಯುತ್ತಾ ಗುಡಿಸುತ್ತಾಳೆ.

ಏನೋ ಎಡವಟ್ಟಾಗಿದೆ ಅಂತ ನಿಮ್ಮ ಪ್ರಶ್ನೆಯಲ್ಲೇ ಗೊತ್ತಾಯಿತು. ಹೇಳಿ.

—

ಕಾನುಹಾದಿ ಬರೆದದ್ದು:

ಒಣಎಲೆ ಅಕ್ಕ ಉತ್ತರ ಕೊಡುವುದರೊಳಗೆ ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮೆ ಇರಲಿ. ನಾನು ತೀರ್ಥಹಳ್ಳಿ ಕಡೆ ಅಡಿಕೆ ತೋಟದವನು.

ಕಟ್ಟೆಪುರಾಣದವರು ಕನ್ನಡದ ಹೆಸರು ಸಾಕು ಅಂದದ್ದಕ್ಕೆ ನಮ್ಮ ಮನೆಯಲ್ಲೇ ನಡೆದದ್ದು ಹೇಳುತ್ತೇನೆ. ಬೆಂಗಳೂರಿನಲ್ಲಿರುವ ನನ್ನ ತಂಗಿ ಮಗಳಿಗೆ ನೆನಪಿನ ಶಕ್ತಿಗೆ ಬ್ರಾಹ್ಮಿ ಬೇಕು ಅಂತ ಫೋನ್ ಮಾಡಿದಳು. ಅಮ್ಮ ತೋಟದ ಕಾಲುವೆ ಬದಿಯಿಂದ ಒಂದೆಲಗ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿ ಕಳಿಸಿದರು. ಗುಂಡಗಿನ ಎಲೆ, ನಾವು ತಂಬುಳಿ ಮಾಡುತ್ತೇವಲ್ಲ, ಅದು. ಅಲ್ಲಿ ಪಂಡಿತರು ನೋಡಿ ನಾನು ಹೇಳಿದ್ದು ಇದಲ್ಲ ಅಂದರಂತೆ. ಅವರ ಬ್ರಾಹ್ಮಿ ನೀರುಬ್ರಾಹ್ಮಿ. ಪುಟ್ಟ ಪುಟ್ಟ ದಪ್ಪ ಎಲೆ, ಕೆಸರಿನಲ್ಲಿ ಹಬ್ಬುವುದು. ಎರಡನ್ನೂ ಬ್ರಾಹ್ಮಿ ಅನ್ನುವವರಿದ್ದಾರೆ. ಒಂದೆಲಗ ಸೆಂಟೆಲ್ಲಾ ಏಷ್ಯಾಟಿಕಾ, ನೀರುಬ್ರಾಹ್ಮಿ ಬಕೋಪಾ ಮೊನ್ನಿಯೇರಿ. ನೆಂಟಸ್ತಿಕೆಯೂ ಇಲ್ಲ, ಒಂದೆಲಗ ಕೊತ್ತಂಬರಿ ಕಡೆಯ ಕುಟುಂಬದ್ದು, ನೀರುಬ್ರಾಹ್ಮಿ ಬೇರೆಯದೇ ಕುಟುಂಬದ್ದು. ಅಮ್ಮ ಮಾತ್ರ ಇವತ್ತಿಗೂ ಪಂಡಿತರಿಗೇ ಗೊತ್ತಿಲ್ಲ ಅಂತಾರೆ.

ಇನ್ನು ಕನ್ನಡದ ಹೆಸರೇ ವೈಜ್ಞಾನಿಕ ಹೆಸರಾದದ್ದೂ ಇದೆ. ಅದನ್ನು ಹೇಳಲೆಂದೇ ಬಂದೆ. ನಮ್ಮ ಕಡೆ ಕಾಳಿಂಗ ಸರ್ಪ ಜಾಸ್ತಿ. ನಾನು ಎರಡು ಸಲ ಹತ್ತಿರದಿಂದ ನೋಡಿದ್ದೇನೆ. ಒಂದು ಸಲ ಸೌದೆ ಕೊಟ್ಟಿಗೆಯಲ್ಲಿ, ಕೇರೆಹಾವಿನ ಹಿಂದೆ ಬಂದದ್ದು. ಇನ್ನೊಂದು ಸಲ ತೋಟದ ಮೇಲಿನ ಕಾನಿನಲ್ಲಿ, ಒಣಎಲೆ ಗುಡ್ಡೆ ಮಾಡಿ ಅದರೊಳಗೆ ಮೊಟ್ಟೆ ಇಟ್ಟು ಮೇಲೆ ಸುತ್ತಿ ಕೂತಿತ್ತು. ಹೀಗೆ ಎಲೆ ಒಟ್ಟುಮಾಡಿ ಗೂಡು ಕಟ್ಟುವ ಹಾವು ಇದೊಂದೇ ಅಂತಾರೆ. ಆ ವರ್ಷ ಮರಿ ಹೊರಬರುವವರೆಗೆ ಆ ಹಾದಿಯಲ್ಲಿ ದರಗು ತರಲು ಯಾರೂ ಹೋಗಲಿಲ್ಲ.

ಈ ಹಾವಿಗೆ 1836ರಲ್ಲಿ ಕ್ಯಾಂಟರ್ ಅನ್ನುವವರು ಹಮಾಡ್ರಯಾಸ್ ಹನ್ನಾ ಅಂತ ಹೆಸರಿಟ್ಟರು. ನೋಡಿದರೆ ಹಮಾಡ್ರಯಾಸ್ ಅಂತ ಅಷ್ಟರಲ್ಲಾಗಲೇ ಒಂದು ಚಿಟ್ಟೆ ಗುಂಪಿತ್ತು. ಪ್ರಾಣಿಗಳಲ್ಲಿ ಎರಡು ಗುಂಪಿಗೆ ಒಂದೇ ಹೆಸರು ಇರುವ ಹಾಗಿಲ್ಲ. 1864ರಲ್ಲಿ ಗುಂಥರ್ ಕೊಟ್ಟ ಆಫಿಯೋಫಾಗಸ್ ಅನ್ನುವ ಹೆಸರು ನಿಂತಿತು. ಹಾವು ತಿನ್ನುವುದು ಅಂತ ಅರ್ಥ. ಕೊಟ್ಟಿಗೆಯಲ್ಲಿ ನೋಡಿದವನಿಗೆ ಅದರ ಅರ್ಥ ಬೇರೆ ಹೇಳಬೇಕಿಲ್ಲ.

ಅಲ್ಲಿಂದ ಎಷ್ಟೋ ವರ್ಷ ಇಂಡಿಯಾದಿಂದ ಫಿಲಿಪ್ಪೀನ್ಸ್‌ವರೆಗೆ ಎಲ್ಲ ಕಾಳಿಂಗವೂ ಒಂದೇ ಬಗೆ ಅಂತ ಲೆಕ್ಕ. ಪಿ. ಗೌರಿಶಂಕರ್ ಮತ್ತು ಅವರ ಜೊತೆಗಾರರು ಡಿಎನ್‌ಎ, ಮೈಮೇಲಿನ ಪಟ್ಟೆ ಎಲ್ಲ ನೋಡಿ ಇದು ನಾಲ್ಕು ಬಗೆ ಅಂತ 2024ರಲ್ಲಿ ಪ್ರಕಟಿಸಿದರು. ಹನ್ನಾ ಅನ್ನುವ ಹೆಸರು ಉತ್ತರದ್ದಕ್ಕೆ ಉಳಿಯಿತು, ಯಾಕಂದರೆ ಕ್ಯಾಂಟರ್ ನೋಡಿದ್ದು ಕಲ್ಕತ್ತಾ ಹತ್ತಿರದ ಸುಂದರಬನದ ಹಾವು. ಇಂಡೋನೇಷ್ಯಾ ಕಡೆಯದಕ್ಕೆ 1837ರಲ್ಲಿ ಯಾರೋ ಇಟ್ಟು ಮೂಲೆಗೆ ಬಿದ್ದಿದ್ದ ಬಂಗಾರಸ್ ಅನ್ನುವ ಹೆಸರನ್ನು ಎತ್ತಿ ತಂದರು. ಅಕ್ಕ ಹೇಳಿದ್ದು ಇದೇ ಅಲ್ವಾ, ಹಳೇ ಚೀಟಿ ಕೀಳಬಾರದು ಅಂತ? ನಮ್ಮ ಪಶ್ಚಿಮ ಘಟ್ಟದ್ದಕ್ಕೆ ಹಳೇ ಹೆಸರೇ ಇರಲಿಲ್ಲ. ಅದಕ್ಕೆ ಆಫಿಯೋಫಾಗಸ್ ಕಾಳಿಂಗ ಅಂತ ಇಟ್ಟರು. ನಮ್ಮಜ್ಜ ಕರೆದದ್ದೇ. ಲ್ಯಾಟಿನ್ ಅಕ್ಷರದಲ್ಲಿ ಳ ಇಲ್ಲದೆ ಲಕಾರ ಆಗಿದೆ, ಅಷ್ಟು ಅಡ್ಜಸ್ಟ್ ಮಾಡಿಕೊಳ್ಳಬಹುದು.

ಇನ್ನೊಂದು ನನಗೆ ಇನ್ನೂ ಇಷ್ಟ. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಒಂದು ಕಪ್ಪೆ ಇದೆ. ಮೊಟ್ಟೆ ಇಟ್ಟ ಮೇಲೆ ಗಂಡು ಕಪ್ಪೆ ಮುಂಗೈಯಲ್ಲಿ ಕೆಸರು ತೆಗೆದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. 2014ರಲ್ಲಿ ಗುರುರಾಜ ಮತ್ತು ಸಂಗಡಿಗರು ಅದಕ್ಕಿಟ್ಟ ಹೆಸರು ನಿಕ್ಟಿಬ್ಯಾಟ್ರಾಕಸ್ ಕುಂಬಾರ. ಮಣ್ಣು ಮೆತ್ತುವವನಿಗೆ ಬೇರೆ ಯಾವ ಹೆಸರು ಬರುತ್ತಿತ್ತು ಹೇಳಿ?

—

ಒಣಎಲೆ ಬರೆದದ್ದು:

ಕಾನುಹಾದಿ, ಕುಂಬಾರ ಕಪ್ಪೆಯ ವಿಷಯ ನನಗೆ ಗೊತ್ತಿರಲಿಲ್ಲ. ನಾನು ಗಿಡದ ಕಡೆಯವಳು, ಪ್ರಾಣಿಗಳ ನಿಯಮದ ಪುಸ್ತಕವೇ ಬೇರೆ. ಅವರ ಲೆಕ್ಕ 1758ರಿಂದ ಶುರು.

ಮೇಷ್ಟ್ರೇ, ನೀವು ಬರೆದ ವರ್ಣನೆಗೆ ಹತ್ತಕ್ಕೆ ಹತ್ತು ಅಂಕ. ಅದು ಅಶೋಕ ಅಲ್ಲ. ಕಂಬದ ಮರ ಅಂತಲೂ ಕರೆಯುತ್ತಾರೆ. ಶಾಲೆ, ಆಫೀಸು, ಲೇಔಟುಗಳ ಕಾಂಪೌಂಡಿನಲ್ಲೆಲ್ಲ ಇರುವುದು ಇದೇ, ಊರೆಲ್ಲ ಇದನ್ನೇ ಅಶೋಕ ಅನ್ನುತ್ತದೆ. ಇದು ಸೀತಾಫಲದ ಕುಟುಂಬದ್ದು. ನಿಜವಾದ ಅಶೋಕ ಹುಣಸೆ, ಹೊಂಗೆಯ ಕುಟುಂಬದ್ದು. ಅದರ ಎಲೆಯೂ ಹೊಂಗೆಯ ಹಾಗೆ ಹಲವು ಕಿರುಎಲೆ ಸೇರಿದ್ದು. ಎಳೆ ಚಿಗುರು ತಾಮ್ರದ ಬಣ್ಣಕ್ಕೆ ಜೋತುಬಿದ್ದಿರುತ್ತದೆ. ಹೂವು ಕಿತ್ತಳೆ, ಕೆಂಪು, ಗೊಂಚಲು ಗೊಂಚಲಾಗಿ ಕಾಂಡದ ಮೇಲೂ ಬಿಡುತ್ತದೆ. ಹೆಂಗಸರ ಔಷಧಿಗೆ ಬಳಸುವುದು ಅದರ ತೊಗಟೆ. ಅದರ ಬದಲು ಈ ಕಂಬದ ಮರದ ತೊಗಟೆಯನ್ನು ಬೆರೆಸಿ ಮಾರುವುದುಂಟು. ಹಾಗಾಗಿ ಇದು ಬರೀ ಬೋರ್ಡಿನ ವಿಷಯ ಅಲ್ಲ.

ಹೊಂಗೆ, ಜಾಲಿ, ತುಳಸಿ ಬೋರ್ಡುಗಳದು ಹಳೇ ಹೆಸರು. ಹಳೇ ಹೆಸರು ಹಿಡಿದು ಹುಡುಕಿದರೂ ಅದೇ ಗಿಡಕ್ಕೆ ಹೋಗಿ ಮುಟ್ಟುತ್ತೀರಿ, ದಾರಿ ಸ್ವಲ್ಪ ಸುತ್ತು ಅಷ್ಟೇ. ಅಶೋಕದ ಬೋರ್ಡು ಹಿಡಿದು ಹೋದರೆ ಬೇರೆ ಮರದ ಬುಡಕ್ಕೆ ಹೋಗುತ್ತೀರಿ. ಬಣ್ಣ ಬಳಿಯಬೇಕಾದ್ದು ಅದೊಂದಕ್ಕೇ. ಉಳಿದವನ್ನು ಮುಂದಿನ ಸಲ ಬಣ್ಣ ಮಾಸಿದಾಗ ನೋಡಿಕೊಳ್ಳಿ. ಅಷ್ಟರಲ್ಲಿ ಇನ್ನೊಂದು ಬದಲಾಗಿದ್ದರೂ ಆಗಿರಬಹುದು!

ಕಂಬದ ಮರಕ್ಕೆ ಪಾಲಿಆಲ್ಥಿಯಾ ಲಾಂಗಿಫೋಲಿಯಾ ಅಂತ ಹಳೇ ಹೆಸರು. 2012ರಿಂದ ಮೊನೂನ್ ಲಾಂಗಿಫೋಲಿಯಂ. ಮೊನೂನ್ ನಪುಂಸಕಲಿಂಗ, ಅದಕ್ಕೇ ಲಿಯಾ ಹೋಗಿ ಲಿಯಂ. ಒಳ್ಳೆಯವಳು ಹೋಗಿ ಒಳ್ಳೆಯದು ಆದಂತೆ. ನಿಜವಾದ ಅಶೋಕಕ್ಕೂ ಸರಾಕಾ ಇಂಡಿಕಾ ಅನ್ನಬೇಡಿ, ಅದು ಜಾವಾ ಕಡೆಯ ಬೇರೆ ಬಗೆ. ನಮ್ಮದು ಸರಾಕಾ ಅಶೋಕಾ. ಸಸ್ಯವಿಜ್ಞಾನಿ ರಾಕ್ಸ್‌ಬರ್ಗ್ ಮೊದಲು ಇದಕ್ಕೆ ಸಂಸ್ಕೃತ ಪಂಡಿತ ವಿಲಿಯಂ ಜೋನ್ಸ್ ನೆನಪಿಗೆ ಜೋನೇಸಿಯಾ ಅಶೋಕಾ ಅಂತ ಇಟ್ಟಿದ್ದ. ಜೋನ್ಸ್ ಸಾಹೇಬರ ಹೆಸರು ಹೋಯಿತು, ಅಶೋಕ ಉಳಿಯಿತು.

ಕೊನೆಗೊಂದು ಮಾತು, ಬೋರ್ಡನ್ನು ಮರಕ್ಕೆ ಮೊಳೆ ಹೊಡೆದಿಲ್ಲ ತಾನೇ? ತಂತಿ ಬಿಗಿದಿದ್ದರೂ ಮರ ದಪ್ಪವಾದಂತೆ ಒಳಗೆ ಕಚ್ಚುತ್ತದೆ. ಬುಡದ ಪಕ್ಕ ಒಂದು ಕಬ್ಬಿಣದ ಕಡ್ಡಿ ನೆಟ್ಟು ಅದಕ್ಕೆ ಹಾಕಿ.

—

ಕಟ್ಟೆಪುರಾಣ ಬರೆದದ್ದು:

ಸರಿ, ಸೋತೆ. ಆದರೆ ನಮ್ಮ ಲೇಔಟಿನ ಹೆಸರು ಅಶೋಕವನ, ಇರುವುದೆಲ್ಲ ಇದೇ ಕಂಬದ ಮರ. ಅಸೋಸಿಯೇಷನ್ ಮೀಟಿಂಗಿನಲ್ಲಿ ಇದನ್ನು ಎತ್ತಲಾ ಬೇಡವಾ?

—

ಡ್ರಾಯಿಂಗ್ ಮೇಷ್ಟ್ರು ಬರೆದದ್ದು:

ಎತ್ತಬೇಡಿ ಸಾರ್, ಅಧ್ಯಕ್ಷರು ನಿಮ್ಮ ಕೈಗೇ ಬ್ರಶ್ ಕೊಡುತ್ತಾರೆ.

ಮೊಳೆ ಹೊಡೆದಿಲ್ಲ ಮೇಡಂ, ತಂತಿ. ಈ ಭಾನುವಾರ ಎಲ್ಲ ಬಿಚ್ಚಿದೆ. ಒಂಬತ್ತನೇ ಕ್ಲಾಸಿನ ನಾಲ್ಕು ಹುಡುಗರು ಕಡ್ಡಿ ನೆಟ್ಟರು. ಹೊಂಗೆ ಬೋರ್ಡಿನ ಮಿಲ್ಲೆಟಿಯಾ ಮೇಲೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದೆ. ಹೊಸ ಬಣ್ಣ ಇನ್ನೂ ಗಟ್ಟಿಯಾಗಿರಲಿಲ್ಲವೋ ಏನೋ, ಕಿತ್ತು ಬಂತು. ಕೆಳಗೆ ನನ್ನ ಹಳೇ ಪೊಂಗಾಮಿಯಾ ಮಸುಕಾಗಿ ಹಾಗೇ ಕಂಡಿತು. ಅದರ ಮೇಲೇ ತಿದ್ದಿದೆ. ಈ ಸಲ ಬ್ರಾಕೆಟ್ ಹಾಕಿ ಎಲ್ ಬರೆದಿದ್ದೇನೆ, ಪಿಯರ್ ಅವರ ಹೆಸರನ್ನೂ ಬಿಟ್ಟಿಲ್ಲ. ಜಾಲಿ, ತುಳಸಿ ಮುಟ್ಟಲಿಲ್ಲ.

ಸಾಲುಮರಗಳಿಗೆ ಹೊಸ ತಗಡಿನಲ್ಲಿ ಕಂಬದ ಮರ ಅಂತ ಬರೆದು ಹಾಕಿದೆ. ಅದನ್ನು ಓದಿದ ಹೆಡ್‌ಮಾಸ್ಟರು "ಮೂವತ್ತು ವರ್ಷದಿಂದ ಅಶೋಕ ಮರದ ಹತ್ತಿರ ಲೈನ್ ನಿಲ್ಲಿ ಅಂತ ಹೇಳಿದೀನಲ್ರೀ" ಅಂತ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು.

ಹಳೇ ದೊಡ್ಡ ಬೋರ್ಡಿನಲ್ಲಿ ಇಂಡಿಕಾ ಅಳಿಸಿ ಅಶೋಕಾ ಅಂತ ತಿದ್ದಿ ಸ್ಟೋರ್ ರೂಮಿನಲ್ಲಿಟ್ಟಿದ್ದೇನೆ. ನರ್ಸರಿಯಿಂದ ಒಂದು ನಿಜವಾದ ಅಶೋಕದ ಸಸಿ ತಂದೆವು. ಎಲೆ ನೋಡಿ, ಕಿರುಎಲೆ ಎಣಿಸಿಯೇ ತಂದದ್ದು. ಬೋರಿನ ಪಕ್ಕ ನೆಟ್ಟಿದ್ದೇವೆ. ಸಸಿ ಒಂದೂವರೆ ಅಡಿ ಇದೆ, ಬೋರ್ಡು ಎರಡೂವರೆ ಅಡಿ.